ತೊಗರಿಯ ಕುಡಿ ಚಿವುಟಿದ ಮೇಲೆ: ಬದುಕು ಬದಲಾದಾಗ ನಂಬಿಕೆಯಲ್ಲಿ ಬೆಳೆಯುವ ದಾರಿ

ಅವ್ವ ಜೂನ್‌ನಲ್ಲಿ ತೀರಿಕೊಂಡಳು. ಆಗಸ್ಟ್ ಬಂದರೂ ನಾನು ಮನೆಯಲ್ಲಿ ಗೋಡೆ ನೋಡಿಕೊಂಡು ಕೂತಿರುತ್ತಿದ್ದೆ. ಒಂದು ಬೆಳಿಗ್ಗೆ ಮಾವನವರು, "ಬಾ ಯವ್ವ, ಹೊಲಕ್ಕ ಹೋಗಿ ಬರಮು" ಎಂದು ಕರೆದುಕೊಂಡು ಹೋದರು. ಕಲಬುರಗಿ ಕಡೆಯ ಕಪ್ಪು ನೆಲ, ಹಿಂದಿನ ದಿನ ಮಳೆಯಾಗಿ ಚಪ್ಪಲಿಗೆ ಎರಿಮಣ್ಣು ಮೆತ್ತಿಕೊಳ್ಳುತ್ತಿತ್ತು. ತೊಗರಿ ಮೊಣಕಾಲಿಗಿಂತ ಮೇಲೆ ಬಂದಿತ್ತು. ಮಾವನವರು ಸಾಲು ಹಿಡಿದು ನಡೆಯುತ್ತಾ, ಪ್ರತಿ ಗಿಡದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಚಟ್ ಅಂತ ಮುರಿದು ಹಾಕತೊಡಗಿದರು. ಎಳೆ ಹಸಿರು ಕುಡಿಗಳು ಸಾಲಿನುದ್ದಕ್ಕೂ ಬಿದ್ದವು.

"ಚಂದ ಬೆಳಿಲಾಕತ್ತಾವಲ್ರೀ ಮಾವ, ಯಾಕ ಮುರಿಲಾಕತ್ತೀರಿ?" ಎಂದು ಕೇಳಿದೆ.

"ಮ್ಯಾಲ ಒಂದೇ ಸಮ ಹೋದ್ರ ಕಾಯಿ ಕಮ್ಮಿ. ಇಲ್ಲಿ ತಡದ್ರ ಬಾಜೂಕ ಟೊಂಗಿ ಒಡಿತಾವ ನೋಡವ್ವ."

ಬಿತ್ತಿ ಸುಮಾರು 45-50 ದಿನಕ್ಕೆ ಹೀಗೆ ಕುಡಿ ಚಿವುಟಬೇಕು ಎಂದು ಕೃಷಿ ಇಲಾಖೆಯವರೂ ಹೇಳುತ್ತಾರೆ. ಈಗ ಅದಕ್ಕೆ ಬ್ಯಾಟರಿ ಮೆಷಿನ್ ಕೂಡ ಬಂದಿದೆ. ಆ ದಿನ ನನಗೆ ಬೈಬಲ್‌ನ ಯೋಹಾನ 15ನೇ ಅಧ್ಯಾಯ ನೆನಪಾಯಿತು. ಯೇಸುಸ್ವಾಮಿ ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಶಿಷ್ಯರಿಗೆ ದ್ರಾಕ್ಷಿ ಬಳ್ಳಿಯ ಮಾತು ಹೇಳಿದ. ಫಲ ಕೊಡುವ ಕೊಂಬೆಯನ್ನು ಇನ್ನೂ ಜಾಸ್ತಿ ಫಲ ಕೊಡಲಿ ಅಂತ ತಂದೆಯಾದ ದೇವರು ಕತ್ತರಿಸಿ ಸವರುತ್ತಾನೆ ಎಂಬ ಮಾತು. ಎಷ್ಟೋ ಸಲ ಓದಿದ್ದೆ. ತೊಗರಿ ಸಾಲಿನಲ್ಲಿ ನಿಂತಾಗಲೇ ಅದು ಕೈಗೆ ಸಿಕ್ಕಿದ್ದು.

ಆದರೆ ಮಾವನವರು ಮನೆಗೆ ಬರುವಾಗ ಇನ್ನೊಂದು ಮಾತು ಹೇಳಿದರು. ನೆಲದಲ್ಲಿ ಹಸಿ ಇಲ್ಲದಾಗ ಕುಡಿ ಮುರಿದರೆ ಗಿಡ ಸೊರಗುತ್ತದೆ, ಟೊಂಗೆಯೂ ಒಡೆಯುವುದಿಲ್ಲ. ನಾನು ಈ ಲೇಖನ ಬರೆಯುತ್ತಿರುವುದು ಆ ಎರಡನೇ ಮಾತಿಗಾಗಿ. ಬದಲಾವಣೆ ತಾನಾಗಿಯೇ ಯಾರನ್ನೂ ದೇವರ ಹತ್ತಿರ ತರುವುದಿಲ್ಲ. ಸಾವು, ವರ್ಗಾವಣೆ, ಮದುವೆ, ನಿವೃತ್ತಿ, ಮಕ್ಕಳು ದೂರ ಹೋಗುವುದು, ಇದೇ ಕಾರಣಕ್ಕೆ ನಂಬಿಕೆ ಬಿಟ್ಟವರನ್ನೂ ನೋಡಿದ್ದೇನೆ, ನಂಬಿಕೆ ಆಳವಾದವರನ್ನೂ ನೋಡಿದ್ದೇನೆ. ವ್ಯತ್ಯಾಸ ಆದದ್ದು ಆಮೇಲಿನ ತಿಂಗಳುಗಳಲ್ಲಿ, ಬೇರಿನ ಹತ್ತಿರ ಹಸಿ ಉಳಿಯಿತೋ ಇಲ್ಲವೋ ಅನ್ನುವುದರಲ್ಲಿ. ಆ ಹಸಿ ಉಳಿಸಿಕೊಳ್ಳಲು ಏನು ಮಾಡಬೇಕು ಅಂತ, ನಮ್ಮ ಸಭೆಯ ಸ್ತ್ರೀಯರ ಪ್ರಾರ್ಥನಾ ಕೂಟದಲ್ಲಿ ಇಷ್ಟು ವರ್ಷ ಕೇಳಿದ್ದು, ನಾನೇ ಮಾಡಿ ನೋಡಿದ್ದು, ಇಲ್ಲಿ ಇಡುತ್ತಿದ್ದೇನೆ.

ಮೊದಲು ಉಣ್ಣಿ, ಮಲಗಿ

ದೊಡ್ಡ ಬದಲಾವಣೆ ಬಂದ ಕೂಡಲೇ "ದೇವರು ಇದರಿಂದ ಏನು ಕಲಿಸುತ್ತಿದ್ದಾನೆ?" ಎಂದು ಹುಡುಕಲು ಹೋಗುತ್ತೇವೆ. ಮೊದಲ ವಾರಗಳಲ್ಲಿ ಆ ಪ್ರಶ್ನೆ ಬಿಟ್ಟುಬಿಡಿ.

1 ಅರಸುಗಳು 19ನೇ ಅಧ್ಯಾಯ ತೆಗೆದು ಓದಿ. ಪ್ರವಾದಿ ಎಲೀಯ ಜೀವಭಯದಿಂದ ಓಡಿ ಬಂದು, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, "ಸಾಕು, ನನ್ನ ಪ್ರಾಣ ತೆಗೆದುಕೋ" ಎಂದು ಬೇಡಿಕೊಂಡು ಮಲಗಿಬಿಟ್ಟ. ದೇವದೂತ ಬಂದು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಪಕ್ಕದಲ್ಲಿ ನೀರು. ಉಂಡು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ, ಮುಂದಿನ ದಾರಿ ದೂರ ಇದೆ, ಇನ್ನೊಮ್ಮೆ ಉಣ್ಣು ಅಂದ. ದೇವರ ಮೆಲುದನಿ ಕೇಳಿದ್ದು ಇದೆಲ್ಲ ಆದ ಮೇಲೆ, 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಅವ್ವನ ಮಣ್ಣು ಮುಗಿಸಿ ಬಂದ ಮೂರನೇ ದಿನ ನಮ್ಮ ಓಣಿಯ ಖಾಲಾ ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ, ಮೇಲೆ ಬಟ್ಟೆಯಲ್ಲಿ ಸುತ್ತಿದ ಬಿಸಿ ಜೋಳದ ರೊಟ್ಟಿ. ಡಬ್ಬಿಯಲ್ಲಿ ಪುಂಡಿ ಪಲ್ಯ. "ಎರಡು ತುತ್ತು ಉಣ್ಣು" ಅಂದರು, ಅಷ್ಟೇ. ಪಕ್ಕದಲ್ಲಿ ಕೂತು, ನಾನು ಉಣ್ಣುವ ತನಕ ತಮ್ಮ ದುಪಟ್ಟಾದ ಅಂಚನ್ನು ಮಡಚುತ್ತಾ, ಬಿಚ್ಚುತ್ತಾ ಇದ್ದರು. ಆ ವಾರ ನಮ್ಮ ಮನೆಗೆ ಬಹಳ ಜನ ಬಂದರು. ಅವರಲ್ಲಿ ಒಬ್ಬರು, "ದೇವರಿಗೆ ಬೇಕಾಗಿದ್ದಳು, ಕರಕೊಂಡ, ಅಳಬಾರದು" ಎಂದು ಹೇಳಿ ಹೋದರು. ಮನಸ್ಸು ಒಳ್ಳೆಯದೇ ಇತ್ತು. ಆದರೂ ಆ ಮಾತು ಮುಳ್ಳಿನ ಹಾಗೆ ಬಹಳ ದಿನ ಉಳಿಯಿತು. ಖಾಲಾ ತಂದ ರೊಟ್ಟಿಯ ಬಿಸಿ ಈಗಲೂ ಬೆರಳಿಗೆ ನೆನಪಿದೆ. ಎಲೀಯನಿಗೂ ಚಾರೆಪ್ತ ಎನ್ನುವ ಪರದೇಶದ ಊರಲ್ಲಿ ರೊಟ್ಟಿ ಮಾಡಿ ಹಾಕಿದವಳು ತನ್ನವಳಲ್ಲದ ಒಬ್ಬ ವಿಧವೆ ಅಲ್ವಾ?

ಹೊತ್ತಿಗೆ ಸರಿಯಾಗಿ ಊಟ, ಸಂಜೆ ಸ್ವಲ್ಪ ನಡೆದಾಟ, ರಾತ್ರಿ ಮೊಬೈಲ್ ದೂರ ಇಟ್ಟು ಮಲಗುವುದು. ಇದು ಕೂಡ ಆತ್ಮಿಕ ಕೆಲಸವೇ. ಎರಡು ವಾರ ದಾಟಿದರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಮ್ಮಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಮ್ಮ ಬೀದರ್, ಯಾದಗಿರಿ ಕಡೆ ಸುವಾರ್ತೆ ಸಾರಲು ಬಂದ ಮಿಷನರಿಗಳೇ ಆಸ್ಪತ್ರೆಯನ್ನೂ ಕಟ್ಟಿದರು. ಪ್ರಾರ್ಥನೆ, ಔಷಧ ಎರಡೂ ಒಂದೇ ಕೈಯಿಂದ ಬಂದವು.

ಆಗಿದ್ದಕ್ಕೆ ಹೆಸರಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹತ್ತು ರೂಪಾಯಿಯದು ಸಾಕು. ಪುಟದ ನಡುವೆ ಗೆರೆ ಎಳೆದು ಒಂದು ಕಡೆ "ಹೋದದ್ದು", ಇನ್ನೊಂದು ಕಡೆ "ಬಂದದ್ದು" ಅಂತ ಬರೆಯಿರಿ.

"ಅವ್ವ ಹೋದಳು" ಅಂತ ಒಂದೇ ಸಾಲು ಬರೆದು ನಿಲ್ಲಿಸಬೇಡಿ. ನಾನು ಬರೆದದ್ದು ಹೀಗಿತ್ತು: ದಿನಾ ಸಂಜೆ ಏಳಕ್ಕೆ ಬರುತ್ತಿದ್ದ ಫೋನ್ ಹೋಯಿತು. ತವರು ಎನ್ನುವ ಮಾತು ಹೋಯಿತು. ನನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡುವ ಒಬ್ಬರು ಹೋದರು. ಶೇಂಗಾ ಹಿಂಡಿಯ ಅಳತೆ ಕೇಳಲು ಯಾರೂ ಇಲ್ಲ. ಇಷ್ಟು ಬರೆಯುವ ಹೊತ್ತಿಗೆ ಪುಟ ಒದ್ದೆಯಾಗಿತ್ತು. ಆದರೆ ಯಾವ ಯಾವ ಕಡೆ ನೋವಿದೆ ಅಂತ ಮೊದಲ ಸಲ ಗೊತ್ತಾಯಿತು. ಗೊತ್ತಾದ ನೋವನ್ನು ಪ್ರಾರ್ಥನೆಯಲ್ಲಿ ಇಡಬಹುದು. ಸುಮ್ನೆ "ಮನಸ್ಸಿಗೆ ಬೇಜಾರು ಕರ್ತನೇ" ಅನ್ನುವ ಪ್ರಾರ್ಥನೆ ಎರಡು ದಿನಕ್ಕೆ ಮುಗಿದುಹೋಗುತ್ತದೆ.

ರೂತಳ ಪುಸ್ತಕದಲ್ಲಿ ನೊವೊಮಿ ಇದನ್ನೇ ಮಾಡಿದಳು. ಗಂಡ ಮತ್ತು ಇಬ್ಬರು ಗಂಡು ಮಕ್ಕಳನ್ನು ಮೋವಾಬ್‌ನಲ್ಲಿ ಕಳೆದುಕೊಂಡು ಬೇತ್ಲೆಹೇಮಿಗೆ ವಾಪಸ್ ಬಂದಾಗ ಊರ ಹೆಂಗಸರು ಗುರುತು ಹಿಡಿದರು. ನನ್ನನ್ನು ನೊವೊಮಿ ಅನ್ನಬೇಡಿ, ಮಾರಾ ಅನ್ನಿ ಎಂದಳು. ನೊವೊಮಿ ಎಂದರೆ ಮಧುರ, ಮಾರಾ ಎಂದರೆ ಕಹಿ. ತುಂಬಿದವಳಾಗಿ ಹೋದೆ, ಬರಿಗೈಯಲ್ಲಿ ಬಂದೆ ಎಂದಳು. ಬೈಬಲ್ ಅವಳನ್ನು ಬೈಯುವುದಿಲ್ಲ. ಅವಳ ಪಕ್ಕದಲ್ಲೇ ರೂತ್ ನಿಂತಿದ್ದಾಳೆ, "ಬಂದದ್ದು" ಎನ್ನುವ ಕಡೆ ಬರೆಯಬೇಕಾದ ಹೆಸರು, ಆ ಹೊತ್ತಿಗೆ ನೊವೊಮಿಯ ಕಣ್ಣಿಗೆ ಕಾಣಲಿಲ್ಲ. ನಿಮಗೂ ಎರಡನೇ ಕಡೆ ಖಾಲಿ ಇದ್ದರೆ ಖಾಲಿ ಬಿಡಿ. ಆಮೇಲೆ ತುಂಬಬಹುದು.

ಸಂತೋಷದ ಬದಲಾವಣೆಗೂ ಈ ಪುಟ ಬೇಕು. ಮದುವೆಯಾದ ಹುಡುಗಿಗೆ, ಹೊಸ ನೌಕರಿ ಸಿಕ್ಕ ಹುಡುಗನಿಗೆ, ಮಗು ಹುಟ್ಟಿದ ಮನೆಗೆ ಕೂಡ ಏನೋ ಒಂದು ಹೋಗಿರುತ್ತದೆ. ಎಲ್ಲರೂ ಅಭಿನಂದನೆ ಹೇಳುವಾಗ ಅಳು ಬಂದರೆ ಅದು ಕೃತಘ್ನತೆ ಅಂತ ತಿಳಿಯಬೇಡಿ. ಇಸ್ರಾಯೇಲ್ಯರು ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದರೂ ಐಗುಪ್ತದ ಸೌತೆಕಾಯಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ನೆನೆಸಿಕೊಂಡು ಅತ್ತರು. ಅರಣ್ಯಕಾಂಡ 11ರಲ್ಲಿದೆ. ಅವರ ತಪ್ಪು ನೆನೆಸಿಕೊಂಡದ್ದರಲ್ಲಿ ಇರಲಿಲ್ಲ ಅಂತ ನನ್ನ ಅನಿಸಿಕೆ. ನೆನೆಸಿಕೊಳ್ಳುತ್ತಾ ಹಳೆಯ ಏಟುಗಳನ್ನು ಮರೆತರು, ಅಡವಿಯಲ್ಲಿ ದೇವರು ದಿನಾ ಕೊಡುತ್ತಿದ್ದ ಆಹಾರ ಮನ್ನವನ್ನು ತಿರಸ್ಕರಿಸಿದರು.

ದೇವರ ಮುಂದೆ ನಿಮ್ಮ ಭಾಷೆಯಲ್ಲೇ ಅಳಿ

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವಾಗ ಯಾವಾಗಲೂ ಕಷ್ಟ ಮುಗಿದ ಮೇಲಿನ ಕಥೆಯನ್ನೇ ಹೇಳುತ್ತೇವೆ. ಕಷ್ಟದ ನಡುವೆ ಇರುವವರು ಹಿಂದಿನ ಬೆಂಚಿನಲ್ಲಿ ಕೂತು, "ನನಗೆ ಮಾತ್ರ ಏಕೆ ಹೀಗೆ?" ಅಂತ ಒಳಗೇ ನುಂಗಿಕೊಳ್ಳುತ್ತಾರೆ. ಅವರಿಗೆ ಬೈಬಲ್‌ನ ಕೀರ್ತನೆಗಳು ಬೇಕು.

13ನೇ ಕೀರ್ತನೆಯಿಂದ ಶುರು ಮಾಡಿ. ಆರೇ ವಚನ. ಮೊದಲ ಎರಡು ವಚನಗಳಲ್ಲೇ "ಎಲ್ಲಿಯ ತನಕ?" ಎಂದು ದಾವೀದ ನಾಲ್ಕು ಸಲ ಕೇಳುತ್ತಾನೆ. ಆಮೇಲೆ ಬೇಡುತ್ತಾನೆ. ಕಡೆಗೆ ನಿನ್ನ ಪ್ರೀತಿಯಲ್ಲಿ ಭರವಸೆ ಇಟ್ಟಿದ್ದೇನೆ ಅನ್ನುತ್ತಾನೆ. 88ನೇ ಕೀರ್ತನೆಯನ್ನೂ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕಡೆಗೂ ಒಂದು ಹಾಲೆಲೂಯ ಬರುವುದಿಲ್ಲ. ಅಂಥ ಪ್ರಾರ್ಥನೆಯೂ ದೇವರ ಪುಸ್ತಕದ ಒಳಗಿದೆ ಅನ್ನುವುದೇ ನನಗೆ ದೊಡ್ಡ ಸಮಾಧಾನ.

ಈಗ ನಿಮ್ಮದೇ ಒಂದು ಬರೆಯಿರಿ. ನಾಲ್ಕು ಸಾಲು ಸಾಕು: ಕರೆಯುವುದು, ದೂರು ಹೇಳುವುದು, ಬೇಡುವುದು, ಹಿಡಿದುಕೊಳ್ಳುವುದು. ಪುಸ್ತಕದ ಭಾಷೆ ಬೇಡ, ಅಪ್ಪನ ಮುಂದೆ ಮಾತಾಡುವ ಭಾಷೆ ಸಾಕು. ನನ್ನ ನೋಟ್‌ಬುಕ್‌ನಲ್ಲಿ ಇರುವುದು ಇದು: "ಯಪ್ಪಾ ದೇವರೇ. ಸಂಜಿ ಏಳಾದ್ರ ಫೋನ್ ನೋಡ್ತೀನಿ, ಬರಂಗಿಲ್ಲಂತ ಗೊತ್ತಿದ್ರೂ ನೋಡ್ತೀನಿ. ಆ ಹೊತ್ತಿನ್ಯಾಗ ನೀ ನನ್ನ ಬಾಜೂಕ ಕೂಡು. ನಮ್ಮವ್ವ ನಿನ್ನ ಕೈಯಾಗ ಅದಾಳ, ಅಷ್ಟು ನಂಬೀನಿ." ಒಂದು ತಿಂಗಳು ದಿನಾ ಏಳಕ್ಕೆ ಇದನ್ನೇ ಓದಿದೆ. ನಾಲ್ಕನೇ ಸಾಲು ಬಾಯಿಂದ ಬರದ ದಿನಗಳೂ ಇದ್ದವು. ಆ ದಿನ ಮೂರಕ್ಕೇ ನಿಲ್ಲಿಸಿದೆ.

ಕತ್ತಲಲ್ಲಿ ದೊಡ್ಡ ನಿರ್ಧಾರ ಬೇಡ

1521ರಲ್ಲಿ ಸ್ಪೇನ್‌ನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ತೋಪಿನ ಗುಂಡು ತಗಲಿ ಒಬ್ಬ ಸೈನಿಕನ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿ ತನ್ನ ಮನಸ್ಸಿನ ಏರಿಳಿತ ಗಮನಿಸುವುದನ್ನು ಕಲಿತ. ಅವರೇ ಮುಂದೆ ಯೇಸು ಸಭೆ ಎನ್ನುವ ಕಥೋಲಿಕ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ. ಅವರು ಕಲಿಸಿದ ಒಂದು ನಿಯಮ ನಾನು ಪ್ರೊಟೆಸ್ಟಂಟ್ ಪಂಗಡದ ಮೆಥೋಡಿಸ್ಟಳಾದರೂ ಬಿಡದೆ ಹಿಡಿದುಕೊಂಡಿದ್ದೇನೆ: ಮನಸ್ಸು ಕತ್ತಲಲ್ಲಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡ.

ನಮ್ಮ ಕಡೆ ಇದು ಬಹಳ ಮುಖ್ಯ. ಗಂಡ ತೀರಿಕೊಂಡ ತಿಂಗಳೊಳಗೆ ಹೊಲ ಮಾರಿಸುವವರು, ಮನೆ ಯಾರ ಹೆಸರಿಗೆ ಅಂತ ಕೇಳುವವರು, "ಇಲ್ಲೇನಿದೆ, ಬೆಂಗಳೂರಿಗೆ ಬಂದುಬಿಡು" ಅನ್ನುವವರು ಬರುತ್ತಾರೆ. ಆಗುವುದಿಲ್ಲ ಅನ್ನಿ, ಇಲ್ಲದಿದ್ದರೆ ಒಂದು ವರ್ಷ ಆಗಲಿ ಅನ್ನಿ. ಕಾಗದ ಪತ್ರದ ಕೆಲಸ ಬೇರೆ, ಅದು ಕಾಯುವುದಿಲ್ಲ. ಮರಣ ನೋಂದಣಿ 21 ದಿನದೊಳಗೆ ಮಾಡಿಸಿ, ಪ್ರಮಾಣಪತ್ರದ ನಾಲ್ಕೈದು ಪ್ರತಿ ಇಟ್ಟುಕೊಳ್ಳಿ, ಬ್ಯಾಂಕ್, ಪಿಂಚಣಿ, ವಿಮೆ ಎಲ್ಲದಕ್ಕೂ ಕೇಳುತ್ತಾರೆ. ಸಭೆ ಬದಲಿಸುವುದು, ಸಂಬಂಧ ಮುರಿಯುವುದು, ನೌಕರಿ ಬಿಡುವುದು, ಇವು ಕಾಯಬಲ್ಲವು.

ಒಂದು ವಿಷಯ ಮಾತ್ರ ಕಾಯಬಾರದು. ಮನೆಯಲ್ಲಿ ಹೊಡೆತ, ಹಿಂಸೆ ಇದ್ದರೆ ಅದನ್ನು "ದೇವರು ಕೊಟ್ಟ ಶಿಲುಬೆ" ಅಂತ ಹೊತ್ತುಕೊಂಡು ಕೂರಬೇಡಿ. ಮೊದಲು ಅಲ್ಲಿಂದ ಹೊರಗೆ ಬನ್ನಿ.

ದಿನಕ್ಕೆ ಹತ್ತು ನಿಮಿಷ, ಒಂದೇ ಜಾಗ

ಬದುಕು ಬದಲಾದಾಗ ಮೊದಲು ತಪ್ಪುವುದು ಪ್ರಾರ್ಥನೆಯ ಹೊತ್ತು. ಹೊಸ ಊರು, ಹೊಸ ಶಿಫ್ಟ್, ಹೊಸ ಅಡುಗೆಮನೆ, ಹಳೆಯ ಹೊತ್ತು ಕೂಡಿಬರುವುದಿಲ್ಲ. ಆಗ ದೊಡ್ಡ ಹರಕೆ ಮಾಡಿಕೊಳ್ಳಬೇಡಿ. ಮೂರು ದಿನ ಉಪವಾಸ, ದಿನಕ್ಕೆ ಹತ್ತು ಅಧ್ಯಾಯ ಅಂತ ಶುರು ಮಾಡಿದವರು ಎರಡನೇ ವಾರಕ್ಕೆ ಬಿಟ್ಟು, ಬಿಟ್ಟೆನಲ್ಲಾ ಎಂದು ಇನ್ನೂ ಕುಗ್ಗುವುದನ್ನು ನೋಡಿದ್ದೇನೆ. ಮನ್ನ ಆಯಾ ದಿನದಷ್ಟೇ ಸಿಗುತ್ತಿತ್ತು. ನಾಳೆಗೆ ಅಂತ ಇಟ್ಟರೆ ಹುಳ ಬೀಳುತ್ತಿತ್ತು.

ಹತ್ತು ನಿಮಿಷ ಸಾಕು. ಒಂದು ಕೀರ್ತನೆ ಬಾಯಿಬಿಟ್ಟು ಓದಿ. ನಿನ್ನೆಯ ದಿನದಲ್ಲಿ ದೇವರು ಎಲ್ಲಿ ಹತ್ತಿರ ಇದ್ದಂತೆ ಅನ್ನಿಸಿತು, ಎಲ್ಲಿ ನಾನು ಮುಖ ತಿರುಗಿಸಿದೆ ಅಂತ ಒಂದೊಂದು ಸಾಲು ಬರೆಯಿರಿ. ಕರ್ತನ ಪ್ರಾರ್ಥನೆ ಹೇಳಿ ಏಳಿ. ಜಾಗ ಒಂದೇ ಇರಲಿ. ನನ್ನದು ಅಡುಗೆಮನೆಯ ಬಾಗಿಲ ಪಕ್ಕದ ಶಹಾಬಾದ್ ಕಲ್ಲಿನ ನೆಲ, ಮೇ ತಿಂಗಳ ಬಿಸಿಲಿನಲ್ಲೂ ಬೆಳಗಿನ ಜಾವ ತಣ್ಣಗಿರುತ್ತದೆ. ನಿಮ್ಮದು ಬಸ್ಸಿನ ಕಿಟಕಿ ಸೀಟೇ ಆಗಿದ್ದರೂ ಪರವಾಗಿಲ್ಲ.

2020ರ ಮಾರ್ಚ್ ನೆನಪಿದೆಯಾ? ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಊರೆಲ್ಲ ಬಾಗಿಲು ಹಾಕಿತು. ಏಪ್ರಿಲ್ 12ರ ಈಸ್ಟರ್ ದಿನ ಚರ್ಚಿಗೆ ಬೀಗ. ನಾವು ಐದು ಜನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು, ಹಾರ್ಮೋನಿಯಂ ಇಲ್ಲದೆ, ತಟ್ಟೆ ತಾಳ ಹಾಕಿ ಪುನರುತ್ಥಾನದ ಹಾಡು ಹಾಡಿದೆವು. ಮನೆಯಲ್ಲಿ ದಿನಾ ಕೂತು ಪ್ರಾರ್ಥನೆ ಮಾಡುವ ರೂಢಿ ಇದ್ದ ಕುಟುಂಬಗಳು ಆ ವರ್ಷ ಹೇಗೋ ದಾಟಿದವು. ಭಾನುವಾರ ಒಂದನ್ನೇ ನಂಬಿದ್ದವರಿಗೆ ಬಹಳ ಕಷ್ಟವಾಯಿತು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ನಮ್ಮ ಮನೆಯೂ ಆಗ ಎರಡನೇ ಗುಂಪಿನಲ್ಲೇ ಇತ್ತು, ಆ ಈಸ್ಟರ್ ನಂತರವೇ ನಾವು ಚಾಪೆ ಹಾಸುವುದನ್ನು ಕಲಿತದ್ದು.

ಊರು ಬಿಟ್ಟವರಿಗೆ

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗಳಿಂದ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಅಂತ ಹೋಗುತ್ತಲೇ ಇರುತ್ತಾರೆ. ಕೆಲವರು ಕಟ್ಟಡದ ಕೂಲಿಗೆ, ಕೆಲವರು ನರ್ಸಿಂಗ್‌ಗೆ, ಕೆಲವರು ಓದಿಗೆ. ಕಲಬುರಗಿ ಸ್ಟೇಷನ್‌ನಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಬಂದು ನಿಂತಾಗ ಕಿಟಕಿಯ ಸರಳು ಹಿಡಿದು ಅಳುವ ಒಬ್ಬ ತಾಯಿಯಾದರೂ ಇದ್ದೇ ಇರುತ್ತಾಳೆ. ನನ್ನ ಮಗಳು ನರ್ಸ್ ಆಗಿ ಪುಣೆಗೆ ಹೋದಾಗ ಆ ತಾಯಿ ನಾನಾಗಿದ್ದೆ.

ಊರು ಬಿಟ್ಟವರಿಗೆ ಯೆರೆಮೀಯ 29ನೇ ಅಧ್ಯಾಯ ಒಂದು ಕಾಗದ. ಬಾಬೆಲಿಗೆ ಸೆರೆ ಹೋದ ಜನರಿಗೆ ಪ್ರವಾದಿ ಬರೆದದ್ದು. ಬೇಗ ವಾಪಸ್ ಬರುತ್ತೀರಿ ಅಂತ ಆತ ಸುಳ್ಳು ಸಮಾಧಾನ ಹೇಳಲಿಲ್ಲ, 70 ವರ್ಷ ಅಂದ. ಅಲ್ಲೇ ಮನೆ ಕಟ್ಟಿ, ತೋಟ ಹಾಕಿ, ಅದರ ಫಲ ತಿನ್ನಿ, ಆ ಪಟ್ಟಣದ ಕ್ಷೇಮಕ್ಕಾಗಿ ದೇವರಿಗೆ ಪ್ರಾರ್ಥನೆ ಮಾಡಿ ಅಂದ. ಮುಂದೆ ಒಳ್ಳೆಯದಾಗುತ್ತದೆ ಎನ್ನುವ 11ನೇ ವಚನವನ್ನು ಎಲ್ಲರೂ ಗೋಡೆಗೆ ಹಾಕುತ್ತಾರೆ. ಮನೆ ಕಟ್ಟಿ, ತೋಟ ಹಾಕಿ ಎನ್ನುವ 5ರಿಂದ 7ರ ತನಕದ ವಚನಗಳನ್ನೂ ಹಾಕಿದರೆ ಚೆನ್ನಾಗಿರುತ್ತದೆ.

ಹೋದ ಮೊದಲ ಭಾನುವಾರವೇ ಸಭೆಗೆ ಹೋಗಿ. "ಸೆಟಲ್ ಆದ ಮೇಲೆ" ಅಂದರೆ ಆರು ತಿಂಗಳು ಹೋಗುತ್ತದೆ. ಕನ್ನಡ ಆರಾಧನೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮರಾಠಿಯೋ ತೆಲುಗೋ ಹಿಂದಿಯೋ ಇರಲಿ, ಕರ್ತನ ಭೋಜನದ ರೊಟ್ಟಿಗೆ ಭಾಷೆ ಇಲ್ಲ. ಊರಿನ ಸಭೆಯ ಪ್ರಸಂಗವನ್ನು ಮೊಬೈಲ್‌ನಲ್ಲಿ ಕೇಳಿ, ತಪ್ಪಿಲ್ಲ. ಆದರೆ ನಿಮಗೆ ಜ್ವರ ಬಂದರೆ ಗಂಜಿ ತಂದುಕೊಡುವವರು ಅಲ್ಲಿನ ಸಭೆಯಲ್ಲೇ ಸಿಗಬೇಕು. ಇರುವ ಕೋಣೆಯಲ್ಲಿ ಒಂದು ಕುಂಡ ಇಟ್ಟು ಏನಾದರೂ ಬೆಳೆಸಿ. ನನ್ನ ಮಗಳು ಹಾಸ್ಟೆಲ್ ಬಾಲ್ಕನಿಯಲ್ಲಿ ಡಾಲ್ಡಾ ಡಬ್ಬಿಗೆ ಮೆಂತ್ಯ ಹಾಕಿದ್ದಳು. ಮೊದಲ ಸಲ ಕಿತ್ತು ಪಲ್ಯ ಮಾಡಿದ ರಾತ್ರಿ ಫೋನ್ ಮಾಡಿ, "ಯವ್ವ, ಇವತ್ತು ಇದು ನನ್ನೂರು ಅನಿಸ್ತು" ಅಂದಳು.

ವಾರಕ್ಕೊಮ್ಮೆ ನಿಮ್ಮನ್ನು ಕೇಳುವ ಇಬ್ಬರು

ಮೆಥೋಡಿಸ್ಟ್ ಸಭೆಗಳ ಹಳೆಯ ಕಥೆ ಒಂದಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಿತ್ತು. ಹನ್ನೆರಡು ಹನ್ನೆರಡು ಜನರಿಗೆ ಒಬ್ಬರನ್ನು ನೇಮಿಸಿ, ವಾರಕ್ಕೆ ಒಂದು ಪೆನ್ನಿ ವಸೂಲಿ ಮಾಡಲು ಮನೆಮನೆಗೆ ಕಳಿಸಿದರು. ದುಡ್ಡಿಗೆ ಹೋದವರಿಗೆ ಯಾರ ಮನೆಯಲ್ಲಿ ಜಗಳ, ಯಾರ ಮನೆಯಲ್ಲಿ ಕುಡಿತ, ಯಾರು ಸೋತಿದ್ದಾರೆ ಅನ್ನುವುದು ಕಾಣತೊಡಗಿತು. ಮೆಥೋಡಿಸ್ಟ್ ಸಭೆ ಹುಟ್ಟುಹಾಕಿದ ಜಾನ್ ವೆಸ್ಲಿ ಅದನ್ನೇ ಆತ್ಮಗಳ ಆರೈಕೆಗೆ ಬಳಸಿಕೊಂಡರು. ಆ ವಾರದ ಕೂಟಗಳೇ ಮೆಥೋಡಿಸ್ಟ್ ಸಭೆಯ ಬೆನ್ನೆಲುಬಾದವು.

ನಿಮಗೆ ಹನ್ನೆರಡು ಜನ ಬೇಡ. ಇಬ್ಬರು ಸಾಕು. ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಾಗಿರಬೇಕು. ಸಂಬಂಧಿಕರಿಗಿಂತ ಹೊರಗಿನವರಾದರೆ ಒಳ್ಳೆಯದು ಅಂತ ನನ್ನ ಅನುಭವ. ವಾರಕ್ಕೊಮ್ಮೆ ಸೇರಿ ಅಥವಾ ಫೋನ್ ಮಾಡಿ, ಒಂದೇ ಪ್ರಶ್ನೆ ಕೇಳಿಕೊಳ್ಳಿ: "ಒಳಗ ಹ್ಯಾಂಗದ?" ಆರಾಮ ಇದ್ದೀನಿ ಅನ್ನುವ ಉತ್ತರ ನಡೆಯುವುದಿಲ್ಲ ಅಂತ ಮೊದಲೇ ಮಾತಾಡಿಕೊಳ್ಳಿ. ಬುದ್ಧಿ ಹೇಳುವುದು ಬೇಡ. ಕೇಳಿಸಿಕೊಂಡು, ಹೆಸರು ಹಿಡಿದು ಪ್ರಾರ್ಥನೆ ಮಾಡಿ ಮುಗಿಸಿ.

ನಿವೃತ್ತರಾದ ಗಂಡಸರಿಗೆ ಇದು ಎಲ್ಲರಿಗಿಂತ ಜಾಸ್ತಿ ಬೇಕು. ನಮ್ಮ ಮನೆಯವರು ನಿವೃತ್ತಿಯಾದ ವರ್ಷ ಬೆಳಿಗ್ಗೆ ಒಂಬತ್ತಕ್ಕೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಪಡಸಾಲೆಯಲ್ಲಿ ಬರಿದೇ ಕೂತಿರುತ್ತಿದ್ದರು. ಅವರಿಗೆ ದಾರಿ ಕಂಡದ್ದು ಹೊಸ ವರ್ಷದ ಒಡಂಬಡಿಕೆ ಆರಾಧನೆಯಲ್ಲಿ. ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ ಆರಾಧನೆ ಅದು. ನಿನಗೆ ಬೇಕಾದ ಕೆಲಸಕ್ಕೆ ನನ್ನನ್ನು ಇಡು, ಇಲ್ಲವೇ ನಿನಗಾಗಿ ಪಕ್ಕಕ್ಕೆ ಇಡು ಅನ್ನುವ ಅರ್ಥದ ಪ್ರಾರ್ಥನೆ ಅದರಲ್ಲಿ ಬರುತ್ತದೆ. "ಪಕ್ಕಕ್ಕೆ ಇಡೋದು ಕೂಡ ಅವನ ಕೈಯೇ ಅಲ್ವಾ" ಎಂದು ಅವತ್ತು ಮನೆಗೆ ಬಂದು ಹೇಳಿದರು. ಆಮೇಲೆ ಇನ್ನಿಬ್ಬರು ನಿವೃತ್ತರ ಜೊತೆ ಸೇರಿ ಗುರುವಾರ ಸಂಜೆ ಕೂರತೊಡಗಿದರು. ಈಗಲೂ ಇಸ್ತ್ರಿ ಅಂಗಿ ಹಾಕುತ್ತಾರೆ.

ತೊಗರಿಯ ಮಾತನ್ನು ಇನ್ನೊಬ್ಬರ ಮೇಲೆ ಹೊರಿಸಬೇಡಿ

ಕುಡಿ ಚಿವುಟುವ ಮಾತು ನನಗೆ ಸಮಾಧಾನ ಕೊಟ್ಟಿತು. ಆದರೂ ಮಗು ಕಳೆದುಕೊಂಡ ತಾಯಿಯ ಮುಂದೆ ನಾನು ಅದನ್ನು ಹೇಳುವುದಿಲ್ಲ, ನೀವೂ ಹೇಳಬೇಡಿ. ಹೊಲದಲ್ಲಿ ಬಿದ್ದ ಎಲ್ಲ ಗಿಡವೂ ರೈತ ಚಿವುಟಿದ್ದಲ್ಲ. 2022ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಂತು. ಹೂವು ಕಾಯಿ ತುಂಬಿದ ಗಿಡ ನಿಂತಲ್ಲೇ ಒಣಗಿತು. ಮಾವನವರು ಒಣಗಿದ ಗಿಡ ಕಿತ್ತು, ಕಪ್ಪಾದ ಬೇರನ್ನು ತಿರುಗಿಸಿ ತಿರುಗಿಸಿ ನೋಡಿದ್ದು ಕಣ್ಣಿಗೆ ಕಟ್ಟಿದೆ. ಅದು ಅವರ ಕೈಯ ಕೆಲಸವಲ್ಲ, ಅವರ ದುಃಖ.

ಹಾಗೆಯೇ ಬದುಕಿನ ಎಲ್ಲ ನಷ್ಟವನ್ನೂ ದೇವರು ಮಾಡಿದ್ದು ಅಂತ ಹೇಳುವ ಧೈರ್ಯ ನನಗಿಲ್ಲ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುಸ್ವಾಮಿ ಕಣ್ಣೀರು ಹಾಕಿದ. ಇದು ಚಿವುಟಿದ್ದೋ, ರೋಗವೋ ಅನ್ನುವುದನ್ನು ಆ ನೋವಿನೊಳಗೆ ಇರುವವರೇ ದೇವರ ಜೊತೆ ಮಾತಾಡಿ, ವರ್ಷಗಳಾದ ಮೇಲೆ ಕಂಡುಕೊಳ್ಳಲಿ. ಕಂಡುಕೊಳ್ಳದಿದ್ದರೂ ಸರಿ.

ಆರು ತಿಂಗಳಿಗೊಮ್ಮೆ ತಿರುಗಿ ನೋಡಿ

ಇಸ್ರಾಯೇಲ್ಯರು ಯೊರ್ದನ್ ಹೊಳೆ ದಾಟಿದಾಗ ಹೊಳೆಯ ನಡುವಿನಿಂದ ಹನ್ನೆರಡು ಕಲ್ಲು ಹೊತ್ತು ತರಲು ಅವರ ನಾಯಕ ಯೆಹೋಶುವ ಹೇಳಿದ. ಮುಂದೆ ಮಕ್ಕಳು ಈ ಕಲ್ಲು ಯಾಕೆ ಅಂತ ಕೇಳಿದಾಗ ಹೇಳಲಿಕ್ಕೆ. ನಿಮ್ಮ ನೋಟ್‌ಬುಕ್ಕೇ ನಿಮ್ಮ ಕಲ್ಲು. ಬದಲಾವಣೆಯಾದ ತಾರೀಖನ್ನು ಮೊದಲ ಪುಟದಲ್ಲಿ ಬರೆದು, ಅಲ್ಲಿಂದ ಆರು ತಿಂಗಳಿಗೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಆ ದಿನ ಅರ್ಧ ಗಂಟೆ ಕೂತು ಹಿಂದಿನ ಪುಟಗಳನ್ನೆಲ್ಲ ಓದಿ.

"ನಾನು ಖುಷಿಯಾಗಿದ್ದೇನಾ?" ಅಂತ ಕೇಳಿಕೊಳ್ಳಬೇಡಿ, ಅದು ಆ ದಿನದ ಊಟ ನಿದ್ದೆಯ ಮೇಲೆ ನಿಂತಿರುತ್ತದೆ. ಗಲಾತ್ಯ 5ರಲ್ಲಿ ಅಪೊಸ್ತಲ ಪೌಲ ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ ಹೀಗೆ ಆತ್ಮನ ಫಲ ಅಂತ ಒಂಬತ್ತು ಗುಣ ಹೇಳುತ್ತಾನೆ. ಅದರಲ್ಲಿ ಒಂದೋ ಎರಡೋ ಆರಿಸಿಕೊಂಡು ಸಣ್ಣ ಗುರುತು ಹುಡುಕಿ. ಸೊಸೆಯ ಮೇಲೆ ರೇಗಿದ ಮೇಲೆ ಕ್ಷಮೆ ಕೇಳಲು ಮೊದಲು ಎರಡು ದಿನ ಬೇಕಿತ್ತು, ಈಗ ಸಂಜೆಯೊಳಗೆ ಆಗುತ್ತಿದೆಯಾ? ಬೇರೆಯವರ ಕಷ್ಟ ಕೇಳುವಾಗ ನಡುವೆ ನನ್ನ ಕಥೆ ತೂರಿಸುವುದು ಕಮ್ಮಿಯಾಗಿದೆಯಾ? "ಬಂದದ್ದು" ಅನ್ನುವ ಕಡೆ ಬರೆಯಲು ಏನಾದರೂ ಇದೆಯಾ? ಏನೂ ಕಾಣದಿದ್ದರೆ ಇನ್ನಾರು ತಿಂಗಳಿಗೆ ಗುರುತು ಹಾಕಿ. ತೊಗರಿ ಐದಾರು ತಿಂಗಳ ಬೆಳೆ, ಮೊದಲೆಲ್ಲ ಮೇಲೆ ಬೆಳೆಯುವುದಕ್ಕಿಂತ ಜಾಸ್ತಿ ಕೆಳಗೆ ಬೇರು ಬಿಡುತ್ತದೆ. ಎಲ್ಲ ಸ್ಥಿತಿಯಲ್ಲೂ ತೃಪ್ತನಾಗಿರಲು ಕಲಿತಿದ್ದೇನೆ ಎಂದು ಪೌಲ ಫಿಲಿಪ್ಪಿಯವರಿಗೆ ಬರೆದದ್ದು ಸೆರೆಯಲ್ಲಿದ್ದಾಗ, ಎಷ್ಟೋ ವರ್ಷಗಳ ಸೇವೆಯ ಆಮೇಲೆ. "ಕಲಿತಿದ್ದೇನೆ" ಅನ್ನುವ ಮಾತು ನನಗೆ ಇಷ್ಟ. ಹುಟ್ಟಿನಿಂದ ಬಂದದ್ದಲ್ಲ ಅದು.

ನನ್ನ ಆರು ತಿಂಗಳು ಡಿಸೆಂಬರ್‌ನಲ್ಲಿ ಬಿತ್ತು. ಅವ್ವ ಇಲ್ಲದ ಮೊದಲ ಕ್ರಿಸ್ಮಸ್. "ಬಂದದ್ದು" ಕಡೆ ಒಂದೇ ಸಾಲು ಬರೆದೆ: ಖಾಲಾ. ಇಷ್ಟು ವರ್ಷ ಒಂದೇ ಓಣಿಯಲ್ಲಿದ್ದರೂ ನಾವು ಆ ಡಬ್ಬಿಯ ಆಮೇಲೆ ಹತ್ತಿರವಾದದ್ದು. ಅವರ ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇತ್ತು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ನಮ್ಮಲ್ಲಿ ರೂಢಿ. ಆ ವಾರವೇ ಅವರ ಚಿಕ್ಕ ಮಗ ದುಬೈಗೆ ಕೆಲಸಕ್ಕೆ ಹೋಗಿದ್ದ. ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿಸಿದೆ, ಅಳತೆ ನನ್ನದೇ, ಉಪ್ಪು ಸ್ವಲ್ಪ ಜಾಸ್ತಿಯೇ ಆಗಿತ್ತು. ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಅವರು ಬಾಗಿಲ ಹತ್ತಿರ ಕೂತಿದ್ದರು, ಪಕ್ಕದಲ್ಲಿ ಫೋನ್. ನಾನೂ ಪಕ್ಕದಲ್ಲಿ ಕೂತೆ. ಅವರು ಉಣ್ಣುವ ತನಕ ಇದ್ದು ಬಂದೆ.